ಗಡಿ ದಾಟಿ ಬಂದ ತೀರ್ಪು

ತಂಗಿ ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯ ನಮ್ಮ ಮನೆಗೆ ಬಂದಾಗ ಅವಳ ಎಡಗೈಯ ಬೆರಳುಗಳಿಗೆ ಬ್ಯಾಂಡೇಜ್ ಸುತ್ತಿತ್ತು. ಗಂಡ ಅವನ್ನು ಕಾರಿನ ಬಾಗಿಲಿಗೆ ಸಿಕ್ಕಿಸಿ ಜಜ್ಜಿದ್ದ. ಮೊದಲನೆಯ ಸಲ ಬಾಗಿಲು ಹಾಕಿದ್ದು ಆಕಸ್ಮಿಕವಲ್ಲವೆಂದು ಅವಳಿಗೆ ತಿಳಿಯಲೆಂದೇ ಎರಡನೆಯ ಸಲ ಹಾಕಿದನಂತೆ.

ಅವಳು ಜಾರ್ಜಿಯಾದ ಕಮ್ಮಿಂಗಿನಿಂದ ಒಂದೇ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಎರಡೂ ಕ್ಯಾರೊಲಿನಾಗಳನ್ನು, ವರ್ಜಿನಿಯಾವನ್ನು ದಾಟಿ ಬಂದಿದ್ದಳು. ಹೊರಡುವ ಮುಂಚೆ ಅಲ್ಲಿನ ಕೋರ್ಟಿನಲ್ಲಿ, ಗಂಡ ತನ್ನ ಹತ್ತಿರ ಸುಳಿಯಕೂಡದೆಂಬ ಆದೇಶ ಪಡೆದಿದ್ದಳು.

"ಅಕ್ಕಾ, ಇದನ್ನ ಕೊಟ್ಟಿದ್ದು ಜಾರ್ಜಿಯಾ ಜಡ್ಜು. ಮೇರಿಲ್ಯಾಂಡಲ್ಲಿ ನಡೆಯುತ್ತಾ? 'ಆ ಸ್ಟೇಟ್ ಬೇರೆ, ಈ ಸ್ಟೇಟ್ ಬೇರೆ. ಎಲ್ಲಿ ಹೋದ್ರೂ ಬರ್ತೀನಿ' ಅಂತ ಮೆಸೇಜ್ ಮಾಡಿದಾನೆ."

ನಾನು ಇಲ್ಲಿನ ಹೈಸ್ಕೂಲಿನಲ್ಲಿ ಪೌರನೀತಿಯ ಪಾಠ ಹೇಳುವವಳು. ಈ ದೇಶದ ಮೊದಲ ಹದಿಮೂರು ರಾಜ್ಯಗಳ ಕಥೆಯನ್ನು ವರ್ಷ ವರ್ಷವೂ ಹೇಳಿದ್ದೇನೆ. ಅಂದು ತಂಗಿಯ ಬ್ಯಾಂಡೇಜ್ ಬದಲಿಸುತ್ತ ಅದನ್ನೇ ಅವಳಿಗೆ ಹೇಳಿದೆ.

ಇಂಗ್ಲೆಂಡಿನ ರಾಜನನ್ನು ಹೊಡೆದೋಡಿಸಿದ ಮೇಲೆ ಆ ರಾಜ್ಯಗಳಿಗೆ ಇನ್ನೊಬ್ಬ ಯಜಮಾನ ಬೇಕಿರಲಿಲ್ಲ. ಕೇಂದ್ರವನ್ನು ಹೆಸರಿಗಷ್ಟೇ ಇಟ್ಟುಕೊಂಡವು. ತೆರಿಗೆ ಹಾಕುವ ಅಧಿಕಾರ ಅದಕ್ಕಿರಲಿಲ್ಲ. ಸೈನಿಕರು ಬೇಕೆಂದರೆ ರಾಜ್ಯಗಳ ಮುಂದೆ ಕೈಯೊಡ್ಡಬೇಕಿತ್ತು. ಮ್ಯಾಸಚೂಸೆಟ್ಸಿನಲ್ಲಿ ದಂಗೆ ಎದ್ದವರು ಕೋವಿ ಹಿಡಿದು ಶಸ್ತ್ರಾಗಾರದತ್ತ ನುಗ್ಗಿದಾಗ ಕೇಂದ್ರಕ್ಕೆ ಏನೂ ಮಾಡಲಾಗಲಿಲ್ಲ. ರಾಜ್ಯದ ಪಡೆಯೇ ಫಿರಂಗಿ ಹಾರಿಸಿತು. ಹಿಮದ ಮೇಲೆ ಹೆಣಗಳು ಬಿದ್ದವು. ಆ ಭಯವೂ ಸೇರಿ, ರಾಜ್ಯಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಬಾಗಿಲು ಹಾಕಿಕೊಂಡು ಕೂತು ಹೊಸ ಸಂವಿಧಾನ ಬರೆದರು. ಯುದ್ಧ, ನಾಣ್ಯ, ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರ ಕೇಂದ್ರಕ್ಕೆ ಹೋದವು. ಮದುವೆ, ಪೊಲೀಸು, ಹೊಡೆದಾಟ ಬಡಿದಾಟದ ಕೇಸುಗಳು ಹೆಚ್ಚಾಗಿ ರಾಜ್ಯಗಳ ಕೈಯಲ್ಲೇ ಉಳಿದವು.

"ಹಾಗಾದ್ರೆ ಅವನು ಹೇಳಿದ್ದೇ ಸರಿ," ಎಂದಳು ತಂಗಿ.

"ಇಲ್ಲ ಕಣೇ. ಒಂದು ರಾಜ್ಯದ ಕೋರ್ಟಿನ ತೀರ್ಪನ್ನ ಇನ್ನೊಂದು ರಾಜ್ಯ ಒಪ್ಪಬೇಕು ಅಂತಲೂ ಬರೆದ್ರು. ಆಮೇಲೆ ನಿನ್ನಂಥವರಿಗೋಸ್ಕರ ಕೇಂದ್ರ ಒಂದು ಕಾನೂನೇ ಮಾಡಿದೆ. ನಿನ್ನ ಆರ್ಡರು ಇಲ್ಲೂ ನಡೆಯುತ್ತೆ."

ಅವಳು ನಂಬಲಿಲ್ಲ. ಪುಸ್ತಕದ ಮಾತು ಅವನ ಕೈಯನ್ನು ತಡೆಯುತ್ತದೆಂಬ ಧೈರ್ಯ ನನಗೂ ಇರಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಅವನು ಬಂದೇಬಿಟ್ಟ. ನಮ್ಮನೆಯವರು ದಿನಸಿ ತರಲು ಹೋಗಿದ್ದರು. ಹಿತ್ತಿಲ ಮರದ ಡೆಕ್ ಮೇಲಿದ್ದ ಕಬ್ಬಿಣದ ಕುರ್ಚಿ ಎತ್ತಿ ಹಿಂದಿನ ಗಾಜಿನ ಬಾಗಿಲನ್ನು ಒಡೆದು ಒಳಗೆ ನುಗ್ಗಿದ. ದೋಸೆ ಹಾಕುತ್ತಿದ್ದ ತಂಗಿಯನ್ನು ಜಡೆ ಹಿಡಿದು ಕೆಡವಿ, ಗಾಜಿನ ಚೂರುಗಳ ಮೇಲೆ ದರದರ ಎಳೆದ. ಹೊಟ್ಟೆಗೆ ಒದ್ದ. ನಾನು ಕಾದ ಕಾವಲಿಯನ್ನೇ ಎತ್ತಿ ಅವನ ಕತ್ತಿನ ಬುಡಕ್ಕೆ ಬಾರಿಸಿದೆ. ಚರ್ಮ ಸುಟ್ಟ ವಾಸನೆ ಬಂತು. ಅವನು ತಿರುಗಿ ನನ್ನ ಮುಖಕ್ಕೆ ಗುದ್ದಿದ. ಹಲ್ಲೊಂದು ನಾಲಿಗೆಯ ಮೇಲೆ ಉದುರಿತು. ಮತ್ತೆ ಅವಳ ಮೇಲೆ ಕೂತು ಕತ್ತು ಹಿಸುಕತೊಡಗಿದ. ಅವಳ ಕಣ್ಣುಗುಡ್ಡೆ ಮೇಲಾದದ್ದನ್ನು ಕಂಡು ಅವನ ಮುಂಗೈಗೆ ಬಾಯಿ ಹಾಕಿದೆ. ಕಚ್ಚಿ ಹಿಡಿದವಳು ಬಿಡಲೇ ಇಲ್ಲ. ನನ್ನ ಬಾಯೊಳಗಿನ ರಕ್ತ ನನ್ನದೋ ಅವನದೋ ತಿಳಿಯಲಿಲ್ಲ.

ಗಾಜು ಒಡೆದ ಸದ್ದಿಗೇ ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡಿದ್ದರು. ಪೊಲೀಸರು ಬಂದು ಅವನನ್ನು ನೆಲಕ್ಕೆ ಅದುಮಿ ಕೈಕೋಳ ತೊಡಿಸಿದರು. ಅಲ್ಲಿಂದಲೇ ಅವನು ಇಂಗ್ಲಿಷಿನಲ್ಲಿ ಕೂಗಾಡಿದ: ಅವಳು ನನ್ನ ಹೆಂಡತಿ, ಆ ಆರ್ಡರು ಜಾರ್ಜಿಯಾದ್ದು, ನಿಮಗೇನು ಸಂಬಂಧ?

ಅವರಲ್ಲೊಬ್ಬ ಪೊಲೀಸಿನವಳು ತಂಗಿ ತೋರಿಸಿದ ಆದೇಶವನ್ನು ಓದಿ, "ಇಲ್ಲಿಯೂ ಇದು ಆರ್ಡರೇ," ಎಂದಷ್ಟೇ ಹೇಳಿದಳು.

ತಂಗಿ ನೆಲದ ಮೇಲೆ ಕೂತೇ ಗಟ್ಟಿಯಾಗಿ ಅತ್ತಳು. ಅಲ್ಲಿಯವರೆಗೆ ಅವಳು ಅತ್ತಿದ್ದನ್ನು ನಾನು ನೋಡಿರಲಿಲ್ಲ.

ಹಲ್ಲೆಗಾಗಿ ಮೇರಿಲ್ಯಾಂಡ್ ಕೇಸು ಹಾಕಿತು. ಆದೇಶ ಮುರಿಯಲೆಂದೇ ರಾಜ್ಯದ ಗಡಿ ದಾಟಿದ್ದಕ್ಕೆ ಕೇಂದ್ರದವರೂ ಬೇರೊಂದು ಕೇಸು ಹಾಕಿದರು. ಎರಡು ಸರ್ಕಾರಗಳು ಎರಡು ಕಡೆಯಿಂದ ಹಿಡಿದಾಗ ಅವನ ವಕೀಲನಿಗೆ ದಾರಿ ಉಳಿಯಲಿಲ್ಲ. ತಂಗಿಯ ಗಂಡ ತಪ್ಪೊಪ್ಪಿಕೊಂಡು ಜೈಲಿಗೆ ಹೋದ.

ಕೋರ್ಟಿನಲ್ಲಿ ಶಿಕ್ಷೆ ಓದುವ ದಿನ ತಂಗಿ ಎದ್ದು ನಿಂತು, ಕತ್ತು ಹಿಸುಕಿದಾಗ ತನಗೆ ಏನಾಯಿತೆಂದು ಒಂದೂ ಬಿಡದೆ ಹೇಳಿದಳು. ಅವನು ತಲೆ ಎತ್ತಲಿಲ್ಲ. ಹೊರಗೆ ಬಂದವಳೇ ಮೆಟ್ಟಿಲ ಪಕ್ಕದ ಗಿಡಗಳ ಬುಡಕ್ಕೆ ವಾಂತಿ ಮಾಡಿದಳು. ನಾನು ಬೆನ್ನು ನೀವುತ್ತ ನಿಂತೆ.

ಬಾಯಿ ಒರೆಸಿಕೊಂಡು, "ಹೊಟ್ಟೆ ಹಸೀತಿದೆ, ಅಕ್ಕಾ," ಎಂದಳು.