ಒಂದೇ ಸಲ ಕೇಳುವವರು

ಛತ್ರಪತಿ ಸಂಭಾಜಿನಗರದಲ್ಲಿ ನನ್ನ ಅಪ್ಪನ ಖಾನಾವಳಿಗೆ ಬೋರ್ಡು ಇರಲಿಲ್ಲ. ಬೀದರ, ಕಲಬುರಗಿ ಕಡೆಯಿಂದ ನೌಕರಿಗೆಂದು ಬಂದವರಿಗೆ ಅದರ ಅಗತ್ಯವೂ ಇರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಕೇಳಿ ತಾವಾಗಿಯೇ ಒಳಗೆ ಬರುತ್ತಿದ್ದರು. ಅಡುಗೆ ಅವ್ವನದು, ಬಡಿಸುವುದು ಅಪ್ಪನದು. ರೊಟ್ಟಿಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಸಾಲಿನಲ್ಲಿ ನಡೆಯುತ್ತ, ಉಣ್ಣುವವರು ಬೇಡವೆಂದು ಕೈ ಅಡ್ಡ ಹಿಡಿದರೆ ಆ ಕೈಯ ಸಂದಿಯಿಂದಲೇ ತಟ್ಟೆಗೆ ರೊಟ್ಟಿ ಇಳಿಸುವುದರಲ್ಲಿ ಅಪ್ಪನನ್ನು ಮೀರಿಸುವವರು ಇರಲಿಲ್ಲ. “ಮೊದಲನೇ ಬ್ಯಾಡ ನಾಚಿಕೀದು, ಎರಡನೇದು ಮರ್ಯಾದೀದು, ಮೂರನೇದು ಹೊಟ್ಟೀದು,” ಎನ್ನುತ್ತಿದ್ದರು. ಮೂರನೆಯದು ಕಿವಿಗೆ ಬೀಳುವವರೆಗೆ ಬುಟ್ಟಿ ಮುಂದೆ ಹೋಗುತ್ತಿರಲಿಲ್ಲ. ದೌಲತಾಬಾದ್ ಕೋಟೆ ನೋಡಿ ಬರುವ ಪ್ರವಾಸಿಗರು ಕೆಲವೊಮ್ಮೆ ನಮ್ಮಲ್ಲಿಗೆ ಬಂದು, ಒಂದೇ ಸಲ ಬೇಡ ಎಂದವರೇ ಎದ್ದು ಕೈ ತೊಳೆದುಬಿಡುತ್ತಿದ್ದರು. ಅಂಥವರು ಹೋದ ಮೇಲೆ ಅಪ್ಪ ಬಹಳ ಹೊತ್ತು ಬೇಜಾರಿನಲ್ಲಿರುತ್ತಿದ್ದರು.

ಇಂಥ ಮನೆಯಲ್ಲಿ ಬೆಳೆದವಳು ನಾನು. ಯಾರ ಮನೆಗೆ ಹೋದರೂ ಚಹಾ ಬೇಕೇ ಎಂದರೆ ಬೇಡ ಅನ್ನುತ್ತೇನೆ, ಗಂಟಲು ಒಣಗಿದ್ದರೂ. ಅವರು ಮತ್ತೆ ಕೇಳಬೇಕು, ನಾನು ಮತ್ತೆ ಬೇಡ ಅನ್ನಬೇಕು, ಅವರು ತಂದು ಇಟ್ಟೇಬಿಡಬೇಕು, ನಾನು ಯಾಕ್ರಿ ಸುಮ್ಮನ ಎನ್ನುತ್ತ ಕುಡಿಯಬೇಕು. ಇದರಲ್ಲಿ ಕಪಟವೇನಿಲ್ಲ, ಎರಡೂ ಕಡೆಯವರಿಗೆ ಗೊತ್ತಿರುವ ಆಟ. ಗೊತ್ತಿಲ್ಲದವರ ಮನೆಯಿಂದ ನಾನು ಎಷ್ಟೋ ಸಲ ಚಹಾ ಇಲ್ಲದೆ ಎದ್ದು ಬಂದಿದ್ದೇನೆ.

ಮದುವೆಯಾಗಿ ನಾಸಿಕ್‌ಗೆ ಬಂದೆ. ಗಂಡ ಕಲಬುರಗಿ ಕಡೆಯವರು, ಇಲ್ಲಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ನನಗೆ ಪಂಚವಟಿಯ ಹತ್ತಿರ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಜನ ಹೇಗೆಲ್ಲ ಸಾಯುತ್ತಾರೆ, ಬಿದ್ದು ಎಲ್ಲೆಲ್ಲಿ ಮುರಿದುಕೊಳ್ಳುತ್ತಾರೆ ಎಂದು ದಿನವಿಡೀ ಓದುವುದಕ್ಕೇ ನನಗೆ ಸಂಬಳ. ಹೀಗಾಗಿ ನಲವತ್ತು ದಾಟಿದ ಮೇಲೆ ನಾನು ಕಯಾಕ್ ಕಲಿಯಲು ಹೊರಟಾಗ, ಅಪಾಯದ ಬಗ್ಗೆ ನನಗೆ ತಿಳಿಸಿ ಹೇಳಲು ಯಾರಿಗೂ ಏನೂ ಉಳಿದಿರಲಿಲ್ಲ.

ಶುರುವಾದದ್ದು ಮಗಳಿಂದ. ಊರಾಚೆಯ ಅಣೆಕಟ್ಟಿನ ಹಿನ್ನೀರಿನಲ್ಲಿ ನಡೆಯುವ ರಜೆಯ ಶಿಬಿರಕ್ಕೆ ಅವಳನ್ನು ಸೇರಿಸಿದ್ದೆವು. ಎರಡನೇ ದಿನವೇ ಅವಳು ನನಗೆ ಬೋರ್ ಆಗುತ್ತಿದೆ, ನೀನೇ ಹೋಗು ಎಂದು ಮರಾಠಿಯಲ್ಲಿ ಹೇಳಿದಳು. ಬೆಳಿಗ್ಗೆ ಬೇಗ ಏಳು ಎಂದು ನಾನು ಕನ್ನಡದಲ್ಲಿ ಹೇಳಿದೆ. ನಮ್ಮ ಮಗಳು ಕನ್ನಡವನ್ನು ಅರ್ಥ ಮಾಡಿಕೊಳ್ಳುತ್ತಾಳೆ, ಪಾಲಿಸುವುದಿಲ್ಲ. ಮರುದಿನ ನಾನೇ ಹೋದೆ.

ಕಯಾಕ್ ಎಂದರೆ ಒಬ್ಬರೇ ಕೂರುವ, ಮೇಲಿನಿಂದ ಮುಚ್ಚಿದ ಸಣ್ಣ ದೋಣಿ. ಸೊಂಟಕ್ಕೆ ರಬ್ಬರಿನ ಲಂಗದಂಥದ್ದೊಂದನ್ನು ಕಟ್ಟಿಕೊಂಡು, ಅದರ ಅಂಚನ್ನು ದೋಣಿಯ ಬಾಯಿಗೆ ಬಿಗಿಯಬೇಕು. ಆಗ ನೀರು ಒಳಗೆ ಬರುವುದಿಲ್ಲ, ನಾವೂ ಸುಲಭಕ್ಕೆ ಹೊರಗೆ ಬರುವುದಿಲ್ಲ. ಕಲಿಸುವವನು ಕೊಂಕಣದ ಮರಾಠಿಗ, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು, ಮಾತು ಕಡಿಮೆ. ಮೊದಲ ತಿಂಗಳಿಡೀ ಅವನು ಕಲಿಸಿದ್ದು ಮಗುಚುವುದನ್ನು. ದೋಣಿ ಮಗುಚಿದಾಗ ತಲೆಕೆಳಗಾಗಿ ನೀರಿನೊಳಗೆ ಜೋತಾಡುತ್ತಿರುತ್ತೇವೆ. ಸೊಂಟವನ್ನು ತಿರುಚಿ ಮೊದಲು ದೋಣಿಯನ್ನು ಮೇಲೆ ತರಬೇಕು, ಆಮೇಲೆ ಮೈ, ಎಲ್ಲಕ್ಕಿಂತ ಕೊನೆಗೆ ತಲೆ. ಇದಕ್ಕೆ ರೋಲ್ ಅನ್ನುತ್ತಾರೆ. ಉಸಿರು ಕಟ್ಟಿದವರಿಗೆ ತಲೆಯನ್ನೇ ಮೊದಲು ಎತ್ತಬೇಕೆನಿಸುತ್ತದೆ. ಎತ್ತಿದವರು ಮತ್ತೆ ಮುಳುಗುತ್ತಾರೆ. ತುಂಬಿದ ಮನೆಗೆ ಸೊಸೆಯಾಗಿ ಹೋದವಳಿಗೆ ಇದು ಹೊಸ ಪಾಠವೇನಲ್ಲ, ಆದರೂ ಕೈಗೆ ಹತ್ತಲು ನನಗೆ ಒಂದು ಇಡೀ ಚಳಿಗಾಲ ಹಿಡಿಯಿತು.

ಒದ್ದೆ ಕೂದಲಿನಲ್ಲಿ ಮನೆಗೆ ಬಂದಾಗಲೆಲ್ಲ ಗಂಡ ಪೇಪರಿನಿಂದ ಮುಖ ಎತ್ತದೆ, “ತಲಿಕೆಳಗ ಆಗಲಿಕ್ಕೂ ಕ್ಲಾಸ್ ಬೇಕೇನ ನಿನಗ?” ಎಂದು ಕೇಳುತ್ತಿದ್ದರು. ಬೇಕೇಬೇಕು ಎಂದು ನಾನು ಒಳಗೆ ಹೋಗಿ ಒಗ್ಗರಣೆ ಹಾಕುತ್ತಿದ್ದೆ.

ನಿಂತ ನೀರು ಮುಗಿದ ಮೇಲೆ ಹರಿಯುವ ನೀರು. ಇಗತಪುರಿ ದಾಟಿ ಘಾಟ್ ಇಳಿದರೆ, ವಿದ್ಯುತ್ ಕೇಂದ್ರದವರು ಬೆಳಿಗ್ಗೆ ನೀರು ಬಿಟ್ಟಾಗ ಮಾತ್ರ ಉಕ್ಕುವ ಒಂದು ನದಿ ಇದೆ. ಭಾನುವಾರಗಳಲ್ಲಿ ನಾಲ್ಕೈದು ಜನ ಜೀಪಿನ ಮೇಲೆ ದೋಣಿಗಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದೆವು. ನೀರನ್ನು ಓದುವುದನ್ನು ಕಲಿತದ್ದು ಅಲ್ಲಿ. ಎಲ್ಲಿ ನಯವಾಗಿ ಇಳಿಯುತ್ತದೆಯೋ ಅಲ್ಲಿ ದಾರಿ. ಎಲ್ಲಿ ಬಿದ್ದ ನೀರು ತಿರುಗಿ ತನ್ನ ಮೇಲೇ ಬೀಳುತ್ತದೆಯೋ ಆ ಕಡೆ ಹೋಗಬಾರದು, ಅದು ಹಿಡಿದವರನ್ನು ಬಿಡುವುದಿಲ್ಲ. ದೊಡ್ಡ ಬಂಡೆಗಳ ಬೆನ್ನಿಗೆ ನೀರು ಸುಮ್ಮನೆ ನಿಂತಿರುತ್ತದೆ, ಅಲ್ಲಿ ಹೊಕ್ಕು ಉಸಿರು ತೆಗೆದುಕೊಳ್ಳಬಹುದು. ಮೊಣಕಾಲಿನ ಚರ್ಮ ಕಳೆದುಕೊಂಡೆ, ಹುಟ್ಟು ಕೈಬಿಟ್ಟು ಬೈಸಿಕೊಂಡೆ, ಒಮ್ಮೆ ಮೂಗಿನಿಂದ ಎರಡು ದಿನ ನದಿ ಸುರಿಯಿತು. ಎರಡು ವರ್ಷ ಕಳೆಯುವುದರಲ್ಲಿ ಆ ನದಿಯಲ್ಲಿ ನಾನು ಇಳಿಯದೇ ಉಳಿದ ಜಾಗ ಒಂದೇ ಒಂದು.

ಅದನ್ನು ಎಲ್ಲರೂ ಜಾತೆ ಅನ್ನುತ್ತಿದ್ದರು. ಮರಾಠಿಯಲ್ಲಿ ಬೀಸುವ ಕಲ್ಲು ಎಂದರ್ಥ. ನದಿ ಅಲ್ಲಿ ಎರಡು ಬಂಡೆಗಳ ನಡುವೆ ಸಪೂರವಾಗಿ, ಒಮ್ಮೆಲೇ ಕೆಳಗೆ ಬಿದ್ದು, ಎಡಕ್ಕೆ ಹೊರಳುತ್ತದೆ. ಅಲ್ಲಿಗೆ ಬಂದಾಗ ಎಲ್ಲರೂ ದೋಣಿಯಿಂದ ಇಳಿದು, ಬಂಡೆಯ ಮೇಲೆ ನಿಂತು ನೀರು ನೋಡಬೇಕು. ಆಮೇಲೆ ಕಲಿಸುವವನು ಒಬ್ಬೊಬ್ಬರನ್ನೇ ಕೇಳುತ್ತಾನೆ. ಹೋಗುತ್ತೇನೆ ಎಂದವರು ದೋಣಿ ಹತ್ತುತ್ತಾರೆ. ಇಲ್ಲ ಎಂದವರು ದೋಣಿ ಹೆಗಲಿಗೇರಿಸಿ ದಡದ ಕಾಲುದಾರಿಯಲ್ಲಿ ನಡೆಯುತ್ತಾರೆ. ಅದರ ಮೇಲೆ ಯಾರೂ ಮಾತಾಡುವುದಿಲ್ಲ. ನನ್ನನ್ನು ಮಾತ್ರ ಅವನು ಕೇಳುತ್ತಿರಲಿಲ್ಲ, ಬೆರಳಿನಿಂದ ಕಾಲುದಾರಿ ತೋರಿಸುತ್ತಿದ್ದ. ಅವನು ಕೇಳುವ ದಿನಕ್ಕಾಗಿ ನಾನು ಕಾಯುತ್ತಿದ್ದೆ. ಕಚೇರಿಯಲ್ಲಿ ಕ್ಲೇಮಿನ ಕಾಗದಗಳ ನಡುವೆ ಬೆರಳಾಡಿಸಿ, ಬಲಬಂಡೆಗೆ ಹತ್ತಿಕೊಂಡು ಇಳಿಯಬೇಕು, ಬಿದ್ದ ಕೂಡಲೇ ಎಡಕ್ಕೆ ವಾಲಬೇಕು ಎಂದು ದಾರಿ ಎಳೆಯುತ್ತಿದ್ದೆ. ಬದುಕಿನಲ್ಲಿ ನಾನು ಅಷ್ಟು ಆಸೆಪಟ್ಟ ವಸ್ತು ಇನ್ನೊಂದಿರಲಿಲ್ಲ.

ಮಳೆ ಹಿಂದಾದ ಒಂದು ಭಾನುವಾರ ಅವನು ಬೆರಳು ತೋರಿಸಲಿಲ್ಲ. ನನ್ನ ಕಡೆ ತಿರುಗಿ, “ಜಾಣಾರ್ ಕಾ?” ಎಂದ. ಹೋಗುತ್ತೀರಾ ಎಂದು.

ನನ್ನ ಬಾಯಿಗೆ ಮೂವತ್ತೈದು ವರ್ಷಗಳ ಅಭ್ಯಾಸ. “ನಕೋ, ರಾಹೂ ದ್ಯಾ,” ಎಂದುಬಿಟ್ಟಿತು. ಬೇಡ ಬಿಡಿ ಅಂತ. ಜೊತೆಗೆ ಒಂದು ನಗು ಬೇರೆ.

ಅವನು ‘ಬರಂ’ ಎಂದ. ಅಂದರೆ ಸರಿ. ಹಾಗೆಂದು ಮುಂದಿನವರ ಕಡೆ ತಿರುಗಿದ.

ನಾನು ಕಾಯುತ್ತ ನಿಂತೆ. ಅವನು ಮತ್ತೆ ಕೇಳಲಿಲ್ಲ. ಮುಂಬೈಯಿಂದ ಬಂದಿದ್ದ ದಂತವೈದ್ಯೆಯೊಬ್ಬಳು, ಆ ನದಿಗೆ ಮೂರನೇ ಸಲ ಬಂದವಳು, ಹೋಗುತ್ತೇನೆ ಎಂದು ಹೇಳಿ, ಹೋಗಿ, ಕೆಳಗಿನಿಂದ ಕೈ ಬೀಸಿದಳು. ನಾನು ದೋಣಿ ಹೆಗಲಿಗೇರಿಸಿ ಕಾಲುದಾರಿ ಹಿಡಿದೆ. ಅರ್ಧ ದಾರಿಗೆ ಬಂದ ಮೇಲೆ ಮುಖದ ಮೇಲೆ ಆ ನಗು ಹಾಗೇ ಉಳಿದಿದೆ ಎಂದು ಗೊತ್ತಾಗಿ ತೆಗೆದೆ. ಸಿಟ್ಟು ಬಂದಿತ್ತು. ಅವನ ಮೇಲೆ, ದಂತವೈದ್ಯೆಯ ಮೇಲೆ, ಎಲ್ಲರಿಗಿಂತ ಹೆಚ್ಚು ನನ್ನ ಬಾಯಿಯ ಮೇಲೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇಲ್ಲಿ ಬಾಯಿಯೇ ಬೇಡವೆಂದಿತ್ತು.

ವಾಪಸು ಬರುವಾಗ ಜೀಪಿನಲ್ಲಿ ಅವನ ಪಕ್ಕ ಕೂತಿದ್ದೆ. ಘಾಟ್ ಹತ್ತುವಾಗ ತಡೆಯಲಾಗದೆ ಹೇಳಿದೆ, ನಾನು ಹೇಳಿದ ಬೇಡ ನಿಜವಾದ ಬೇಡ ಅಲ್ಲ ಎಂದು. ಮರಾಠಿಯಲ್ಲಿ ಅದು ಇನ್ನಷ್ಟು ಪೆದ್ದಾಗಿ ಕೇಳಿಸಿತು. ನಿಮ್ಮ ಮನೆಗಳಲ್ಲೂ ಒತ್ತಾಯ ಮಾಡಿ ಬಡಿಸುವುದಿಲ್ಲವೇ, ಇನ್ನೊಂದು ಸಲ ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದೂ ಕೇಳಿದೆ.

ಅವನು ಮುಂದಿದ್ದ ಲಾರಿಯನ್ನು ಹಿಂದೆ ಹಾಕಿದ. ಆಮೇಲೆ, “ನನ್ನ ಅತ್ತೆಯ ಮಗನನ್ನು ಎರಡು ಸಲ ಕೇಳಿದ್ದೆ,” ಎಂದ.

ಬೇರೊಂದು ನದಿಯಂತೆ. ಮೊದಲ ಸಲ ಕೇಳಿದಾಗ ಅತ್ತೆಯ ಮಗ ಬೇಡ ಎಂದಿದ್ದ. ಎರಡನೇ ಸಲ ಇವನ ಮುಖ ನೋಡಿ ದೋಣಿ ಹತ್ತಿದ. ಸಂಜೆಗೆ ದೋಣಿ ಸಿಕ್ಕಿತು, ಮರುದಿನ ಅವನು. ಅತ್ತೆ ಅಂದಿನಿಂದ ಮಾತಾಡಿಸಿಲ್ಲ. ಇದನ್ನೆಲ್ಲ ಅವನು ಗೇರು ಬದಲಿಸುತ್ತ, ರಸ್ತೆ ನೋಡುತ್ತ ಹೇಳಿದ. ನನಗೆ ಬಹಳ ಕೆಟ್ಟದೆನಿಸಿತು.

ದೀಪಾವಳಿಗೆ ತವರಿಗೆ ಹೋದಾಗ ಅಪ್ಪನಿಗೆ ಈ ಕಥೆ ಹೇಳಿದೆ. ಖಾನಾವಳಿ ಈಗ ಅಣ್ಣನ ಕೈಯಲ್ಲಿದೆ, ರೊಟ್ಟಿಬುಟ್ಟಿ ಮಾತ್ರ ಅಪ್ಪನ ಕೈಯಲ್ಲೇ ಇದೆ. ಅಪ್ಪ ಪೂರ್ತಿ ಕೇಳಿ, ಪಾಪ ಎಂದರು. ಸ್ವಲ್ಪ ಯೋಚಿಸಿ, ಆದರೂ ಒಂದೇ ಸಲ ಕೇಳಿದರೆ ಮನುಷ್ಯ ಉಪವಾಸ ಹೋಗುತ್ತಾನೆ ಎಂದರು. ಮನುಷ್ಯರು ಸಾಯುವುದಕ್ಕೆ ಅಪ್ಪನಿಗೆ ಗೊತ್ತಿದ್ದ ಕಾರಣ ಒಂದೇ, ಹಸಿವು. ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಬಂತು. ನಾನು ನಿಜವಾಗಿ ಬೇಡ ಎಂದಿದ್ದೆ.

ಆ ವರ್ಷವಿಡೀ ನಾನು ನದಿಗಿಂತ ಹೆಚ್ಚಾಗಿ ಬಾಯಿಯನ್ನು ತಿದ್ದಿದೆ. ಕಚೇರಿಯಲ್ಲಿ ಚಹಾ ಬೇಕೇ ಎಂದಾಗ ಬೇಕು ಎಂದೆ. ಜವಾನ ನನಗೆ ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದ. ಪಕ್ಕದ ಮನೆಯವರು ಪುರಣಪೋಳಿ ಕೊಡಲೇ ಎಂದಾಗ ಕೊಡಿ ಎಂದು ಕೈ ಚಾಚಿದೆ. ಅವರು ಕೊಟ್ಟರು. ಆಮೇಲೆ ಕೆಲವು ತಿಂಗಳು ಏನನ್ನೂ ಕೊಡಲಿಲ್ಲ.

ಮುಂದಿನ ಮಳೆಗಾಲ ಮುಗಿದ ಮೇಲೆ ಜಾತೆಯ ಬಂಡೆಯ ಮೇಲೆ ಮತ್ತೆ ನಿಂತೆ. ಆ ದಿನ ಗಂಡನೂ ಬಂದಿದ್ದರು, ಮೊದಲ ಸಲ. ನನ್ನ ಪಕ್ಕದ ಬಂಡೆಯ ಮೇಲೆ ಚಹಾದ ಥರ್ಮಾಸ್ ಹಿಡಿದು ಕೂತಿದ್ದರು. ಜಾತೆಯ ಕಥೆ, ಅತ್ತೆಯ ಮಗನ ಕಥೆ ಎಲ್ಲವೂ ಅವರಿಗೆ ಗೊತ್ತಿತ್ತು. ಕಲಿಸುವವನು ಬಂದು ಕೇಳಿದ. ನಾನು ನೀರು ನೋಡಿದೆ. ಕಳೆದ ವರ್ಷ ಆಸೆಯಷ್ಟೇ ಇತ್ತು. ಈ ವರ್ಷ ಅದರ ಜೊತೆ ಭಯವೂ ಇತ್ತು. ಹೋಗುತ್ತೇನೆ ಎಂದೆ.

ಅವನು ‘ಬರಂ’ ಎಂದ. ಹಿಂದಿನ ವರ್ಷ ಹೇಳಿದ್ದಕ್ಕೂ ಇದಕ್ಕೂ ಒಂದು ಕೂದಲಿನಷ್ಟೂ ವ್ಯತ್ಯಾಸ ಇರಲಿಲ್ಲ. ನಿಜವಾಗಿಯೂ ಹೋಗುತ್ತೀರಾ ಎನ್ನಲಿಲ್ಲ, ಶಾಭಾಸ್ ಅನ್ನಲಿಲ್ಲ. ದೋಣಿಯೊಳಗೆ ಕೂತು ರಬ್ಬರಿನ ಅಂಚು ಬಿಗಿದೆ. ಅಲ್ಲಿಯವರೆಗೆ ಏನೇ ಕೆಟ್ಟರೂ, ನೀವೆಲ್ಲ ಒತ್ತಾಯ ಮಾಡಿದಿರಿ ಎಂದು ಹೇಳಲು ಯಾರಾದರೂ ಇರುತ್ತಿದ್ದರು. ಈ ಸಲ ನಾನೊಬ್ಬಳೇ ಇದ್ದೆ.

ಬಲಬಂಡೆಗೆ ಹತ್ತಿಕೊಂಡೇ ಇಳಿದೆ. ಬಿದ್ದ ಕೂಡಲೇ ಎಡಕ್ಕೆ ವಾಲಬೇಕಿತ್ತು, ಕ್ಷಣ ತಡವಾಯಿತು, ಮಗುಚಿದೆ. ಒಳಗೆ ಕತ್ತಲೆ, ಸದ್ದು, ಹೆಲ್ಮೆಟ್ಟಿಗೆ ಏನೋ ಬಡಿದದ್ದು. ಮೇಲೇಳಲು ಹೋದೆ, ತಲೆಯನ್ನೇ ಮೊದಲು ಎತ್ತಿದೆ, ಅರ್ಧ ಉಸಿರು ಅರ್ಧ ನೀರು ಕುಡಿದು ಮತ್ತೆ ಕೆಳಗೆ ಹೋದೆ. ಸಾಯುತ್ತೇನೆ ಎಂದು ಸ್ಪಷ್ಟವಾಗಿ ಅನ್ನಿಸಿತು. ಇನ್ನೊಮ್ಮೆ ಹುಟ್ಟನ್ನು ನೀರಿನ ಮೇಲ್ಮೈಗೆ ಚಾಚಿ, ಗದ್ದವನ್ನು ಹೆಗಲಿಗೆ ಒತ್ತಿ ಹಿಡಿದು, ಸೊಂಟ ತಿರುಚಿದೆ. ದೋಣಿ ಬಂತು, ಮೈ ಬಂತು, ತಲೆ ಬಂತು. ಕೆಳಗಿನ ಬಂಡೆಯ ಬೆನ್ನಿಗೆ ನಿಂತ ನೀರಿನಲ್ಲಿ ಹೊಕ್ಕು, ಬಂಡೆಯ ಅಂಚನ್ನು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ದುಃಖಕ್ಕಲ್ಲ. ಅಷ್ಟು ಸಂತೋಷವನ್ನು ಎಲ್ಲಿ ಇಡಬೇಕೆಂದು ಗೊತ್ತಾಗಲಿಲ್ಲ.

ನಾನು ದಡ ಹತ್ತುವಷ್ಟರಲ್ಲಿ ಗಂಡ ಕಾಲುದಾರಿಯಲ್ಲಿ ಎಡವುತ್ತ ಇಳಿದು ಬಂದರು. ಮುಖ ಬಿಳಿಚಿತ್ತು. ಥರ್ಮಾಸಿನಿಂದ ಚಹಾ ಬಗ್ಗಿಸಿ ಕೊಟ್ಟರು, ಅರ್ಧ ಮರಳಿಗೆ ಹೋಯಿತು. ಉಳಿದವರು ಇನ್ನೂ ಮೇಲೆಯೇ ಇದ್ದರು. ಗಂಡ ನನ್ನ ಪಕ್ಕದಲ್ಲಿ ಕೂತರು.

“ನಮ್ಮ ಮದುವಿ ಮಾತಿನಾಗ ನೀ ಬ್ಯಾಡ ಅಂದಿದ್ದಿ ಅಂತ ನಿಮ್ಮ ಅಪ್ಪ ಹೇಳಿದ್ರು,” ಎಂದರು. “ಹುಡುಗ್ಯಾರು ಹಂಗ ಅಂತಾರ ಅಂತ ನಕ್ಕರು. ನಾನೂ ನಕ್ಕೆ. ಎಷ್ಟ ಸಲ ಅಂದಿದ್ದಿ?”

“ಮೂರು ಸಲರಿ.”

“ನನಗ ಒಂದೇ ಸಲ ಅಂತ ಹೇಳಿದ್ರು.”

ನನಗೆ ಅವರ ಮೇಲೆ ಕನಿಕರ ಬಂತು. ಅವರು ಕೆಟ್ಟ ಗಂಡನಲ್ಲ, ಇಷ್ಟು ವರ್ಷಗಳಲ್ಲಿ ನನಗೂ ಅವರ ಮೇಲೆ ಜೀವ ಹತ್ತಿದೆ. ಅವತ್ತು ಬೇಡ ಎಂದವಳಿಗೆ ಅವರ ಹೆಸರಷ್ಟೇ ಗೊತ್ತಿತ್ತು. ಆ ಮೂರು ಸಲದ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ಅಪ್ಪನಿಗೆ ನೆನಪಿಸಿಯೂ ಇರಲಿಲ್ಲ.

“ಈಗ ಕೇಳಿದ್ರ ಏನಂತಿ?” ಎಂದರು.

ನಾನು ಅವರ ಮುಖ ನೋಡಿದೆ. ನೋಡಲು ಸಾಕಷ್ಟು ಹೊತ್ತು ತೆಗೆದುಕೊಂಡೆ. ಅವರು ಕಾದರು.

“ಹ್ಞೂಂ ಅಂತೀನ್ರಿ,” ಎಂದೆ.

ಅವರು ಎರಡನೇ ಸಲ ಕೇಳಲಿಲ್ಲ.