ಅವ್ವನೇ ಕೇಳಲು ಬಂದ ಪದ

“ಮೈ ಮದರ್ ಈಸ್ ಇನ್ ದಿ ಫೀಲ್ಡ್. ಇಟ್ ಈಸ್ ವರ್ಕಿಂಗ್” ಎಂದಳು ಏಳನೆಯ ತರಗತಿಯ ಮಹಾದೇವಿ. ಎಂಬತ್ತರ ದಶಕ, ನಾನು ಮೈಸೂರು ಕಡೆಯಿಂದ ಉತ್ತರದ ತೊಗರಿ ಸೀಮೆಯ ನರೋಣಾ ಎಂಬ ಹಳ್ಳಿಗೆ ಬಂದ ಹೊಸ ಮೇಷ್ಟ್ರು. ಮನೆಯ ಹೆಂಗಸರನ್ನು ಸಲುಗೆಯಿಂದ ‘ಅದು’ ಎನ್ನುವುದು ಅಲ್ಲಿಯ ರೂಢಿ. ಇಟ್ ಅನ್ನುವುದು ಎತ್ತಿಗೆ, ಕಲ್ಲಿಗೆ; ಅವ್ವನಿಗೆ ಶೀ ಅನ್ನಬೇಕೆಂದು ತಿದ್ದಿದೆ.

ಮರುದಿನ ಅವಳ ಅವ್ವ ಕುಡುಗೋಲು ಹಿಡಿದು ತರಗತಿಯ ಬಾಗಿಲಲ್ಲಿ ನಿಂತಿದ್ದರು. ಜಗಳಕ್ಕೇ ಬಂದರೆಂದುಕೊಂಡೆ.

“ಸರ, ಇಂಗ್ಲಿಷಿನ್ಯಾಗ ನನಗ ಬ್ಯಾರೆ ಮಾತೇ ಐತಂತಲ್ರಿ. ಒಮ್ಮೆ ಅನ್ರಿ, ಕೇಳ್ತೇನಿ.”

“ಶೀ” ಎಂದೆ.

“ಗೌಡ್ರ ಹೆಂಡ್ತಿಗೂ ಇದೇ ಏನ್ರಿ?”

ಹೌದೆಂದೆ. ಆ ಪದವನ್ನೇ ಬಾಯಲ್ಲಿ ಆಡಿಸುತ್ತ ತೊಗರಿ ಕೊಯ್ಯಲು ಹೋದರು.

ಆಮೇಲೆ ಎಷ್ಟೋ ಮಕ್ಕಳಿಗೆ ಆ ಪದ ಕಲಿಸಿದ್ದೇನೆ. ಅದು ತನ್ನದೆಂದು ಕೇಳಿಕೊಂಡು ಹೋಗಲು ಬಂದವರು ಅವರೊಬ್ಬರೇ.