ಕಂಬದ ಮೇಲಿನ ಮೊಳ

ಇಂಡಿ ಊರಿನ ಹಳೆ ಪೇಟೆಯಲ್ಲಿ ಸಿಂಪಿಗರ ಚಾವಡಿ ಎಂದು ಕರೆಯುವ ಹದಿನಾರು ಕಂಬಗಳ ಕಲ್ಲು ಹಜಾರವೊಂದಿದೆ. ಕಂಬಗಳು ಬುಡದಲ್ಲಿ ಚೌಕ, ನಡುವೆ ದುಂಡು. ಶತಮಾನಗಳ ಹಿಂದಿನವು ಎನ್ನುವಷ್ಟು ನಾನು ಓದಿದ್ದೇನೆ. ಆದರೆ ಹತ್ತಿರದ ಸಾಲೋಟಗಿಯಲ್ಲಿರುವಂಥ ಶಾಸನ ಇಲ್ಲಿಲ್ಲ. ಹೊಲಿಯುವವರೆಲ್ಲ ಕೂಡಿ ಇದನ್ನು ಕಟ್ಟಿಸಿದರು, ಅಳತೆಯ ಜಗಳಗಳು ಇಲ್ಲೇ ತೀರುತ್ತಿದ್ದವು ಎಂಬುದಕ್ಕೆ ದರ್ಜಿಯಾಗಿದ್ದ ಅಪ್ಪನ ಮಾತೊಂದೇ ಆಧಾರ. ಮತ್ತೆ ಒಂದು ಗೆರೆ.

ಬಾಗಿಲ ಬಲಗಡೆಯ ಕಂಬದಲ್ಲಿ, ನೆಲದ ಮೇಲೆ ಕೂತವರಿಗೆ ಎಟುಕುವಂತೆ ಬುಡದಲ್ಲೇ ಕೊರೆದ ನೆಟ್ಟನೆ ಗೆರೆ. ಅದು ಊರಿನ ಮೊಳವಂತೆ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ದರ್ಜಿಗಳು ತಮ್ಮ ಅಳತೆಗೋಲನ್ನು ಅದಕ್ಕೆ ಹಚ್ಚಿ ನೋಡಿದ ಮೇಲೆಯೇ ಕತ್ತರಿಗೆ ಕುಂಕುಮ. ಅಪ್ಪ ಕೋಲಿನ ಬದಲು ನೆಲಕ್ಕೆ ಮೊಣಕೈ ಊರಿ, ಗೆರೆಗೆ ಕೈ ಹಚ್ಚಿ ಕೂರುತ್ತಿದ್ದ. “ನೋಡು, ನನ್ನ ಕೈ, ಈ ಗೆರಿ, ಎರಡೂ ಒಂದ.” ಗೆರೆಯ ಎರಡೂ ತುದಿಗೆ ಅಡ್ಡ ಕಚ್ಚುಗಳಿದ್ದವೆಂದು ನನ್ನ ನೆನಪು.

ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದವನು ಅಪ್ಪನೆದುರೇ ಟೇಪು ಹಿಡಿದೆ. ಕಚ್ಚು ಮೇಲೊಂದೇ ಇತ್ತು. ಮೊಳಕ್ಕೆ ನಾಲ್ಕು ಬೆರಳು ಕಡಿಮೆ. ನೆನಪೇ ತಪ್ಪು ಎಂದುಕೊಂಡೆ.

“ಇದು ಮೊಳ ಅಲ್ಲಪಾ. ಯಾರೋ ಸುಮ್ನ ಗೀಚ್ಯಾರ.”

ಅಪ್ಪ ಟೇಪನ್ನು ನನ್ನ ಕೈಯಿಂದ ತೆಗೆದುಕೊಂಡು, ಸುತ್ತಿ, ಜೇಬಿಗೆ ಹಾಕಿಕೊಂಡ. ಆಮೇಲೆ ಖಂಡೆ ಪೂಜೆಗೆ ಆತ ಚಾವಡಿಯ ಕಡೆ ಹೋಗಲೇ ಇಲ್ಲ ಎಂದು ಅವ್ವ ಹೇಳಿದ್ದಳು.

ಈಗ ಇಬ್ಬರೂ ಇಲ್ಲ. ಮನೆಯಲ್ಲಿ ನಾನೊಬ್ಬನೇ, ಹಳೆಯದನ್ನು ಕೇಳಿ ಖಚಿತಪಡಿಸಿಕೊಳ್ಳಲು ಯಾರೂ ಉಳಿದಿಲ್ಲ. ಕಳೆದ ತಿಂಗಳು ಆ ಎರಡನೇ ಕಚ್ಚು ತಲೆಯಿಂದ ಹೋಗದೆ ಚಾವಡಿಗೆ ನಡೆದೆ. ಒಳಗೆ ಒಂದೇ ಮಷಿನ್ನು ಓಡುತ್ತಿತ್ತು. ಅಪ್ಪನ ಜೊತೆ ಹೊಲಿಯುತ್ತಿದ್ದ ಮುಸ್ಲಿಂ ಕಾಕಾ ಅದರ ಮೇಲೆ ಬಗ್ಗಿದ್ದರು.

“ಕಾಕಾ, ಈ ಗೆರಿಗೆ ಕೆಳಗೂ ಒಂದು ಕಚ್ಚು ಇತ್ತೇನ್ರಿ?”

“ಇತ್ತಲ್ಲ. ಫರ್ಶಿ ಕಲ್ಲಿನ ಬುಡಕ ಹೋಗೇತಿ.” ಅವರ ಕಾಲು ನಿಲ್ಲಲಿಲ್ಲ. “ನೀ ಧಾರವಾಡದಾಗಿದ್ದಿ. ಮಣ್ಣಿನ ನೆಲಾ ಥಂಡಿ ಹಿಡೀತೈತಿ ಅಂತ ನಿಮ್ಮಪ್ಪನೇ ಮುಂದ ನಿಂತು ಕಲ್ಲು ಹಾಕಿಸಿದ. ಅಷ್ಟ ಓದೀದಿ, ನೆಲಾ ಏರಿದ್ದು ತಿಳೀಲಿಲ್ಲೇನೋ ಶಾಣ್ಯಾ?”

ನಾನು ಫರ್ಶಿಗೆ ಮೊಣಕೈ ಊರಿ ಕೂತೆ. ನನ್ನ ಬೆರಳ ತುದಿ ಕಚ್ಚನ್ನು ದಾಟಿ ನಾಲ್ಕು ಬೆರಳು ಮೇಲೆ ನಿಂತಿತು.

“ಒಂದ್ ಫರ್ಶಿ ಎಬ್ಬಸೂಣೇನು?”

“ಬ್ಯಾಡ್ರಿ ಕಾಕಾ.”

ಅಪ್ಪನಿಗೆ ಗೊತ್ತಿತ್ತು. ಒಂದು ಮಾತು ಸಾಕಿತ್ತು, ಹೇಳಲಿಲ್ಲ. ಅಥವಾ ಹೇಳಿದ್ದನೋ? ಟೇಪು ಸುತ್ತುವಾಗ ಆತ ನೆಲದತ್ತ ಕೈ ತೋರಿಸಿ ಏನೋ ಅಂದ ಹಾಗೆ ಈಗ ಅನ್ನಿಸುತ್ತಿದೆ. ಇದನ್ನು ನಾನು ಇವತ್ತು ಸೇರಿಸಿಕೊಂಡೆನೋ, ಅಂದು ಕೇಳಿಸಿಕೊಳ್ಳಲಿಲ್ಲವೋ, ಅಳೆದು ನೋಡಲು ಏನೂ ಇಲ್ಲ.

ಕಾಕಾ ಇನ್ನೊಂದು ಅಂಗಿ ಎತ್ತಿಕೊಂಡರು. ನಾನು ಕಂಬದಿಂದ ಕೈ ತೆಗೆಯದೆ ಕೂತಿದ್ದೆ.